ಕೆಳಗಿನ ಕಪಾಟಿನ ಕಾರ್ಡುಗಳು

ಸೋಮವಾರ, ಊಟದ ಬಿಡುವು

ನನ್ನ ಪ್ರಶ್ನೆಪತ್ರಿಕೆ ಮಗಳಿಗೆ,

ಅಮ್ಮನ ಕೈಬರಹ ನೋಡಿ ಗಾಬರಿಯಾಗಬೇಡ ಎಂದು ಶುರು ಮಾಡಲು ಹೊರಟಿದ್ದೆ. ಸುಳ್ಳು ಯಾಕೆ? ಗಾಬರಿಯಾಗು. ಆಗಲಿ ಎಂದೇ ಬರೆಯುತ್ತಿದ್ದೇನೆ. ಗುರುವಾರ ನೀನು ಮತ ಎಣಿಕೆಯ ಕೆಲಸಕ್ಕೆ ಹೋಗಬೇಡ. ಕಾರಣ ಆಮೇಲೆ ಓದು, ಮೊದಲು ಇದನ್ನು ಓದು: ಹೋಗಬೇಡ. ಜ್ವರ ಎನ್ನು, ಕಾಲು ಉಳುಕಿದೆ ಎನ್ನು, ಅಮ್ಮ ಸತ್ತಳು ಎಂದು ಬೇಕಾದರೂ ಹೇಳು. ಏಳು ತಿಂಗಳಿಂದ ನಿನ್ನ ಜೊತೆ ಒಂದು ಮಾತೂ ಆಡದ ನಾನು ಸತ್ತಂತೆಯೇ ಇದ್ದೆನಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಫೋನನ್ನು ಈಗ ಅಪ್ಪ ದಿನಾ ಸಂಜೆ ನೋಡುತ್ತಾರೆ. ಕೊಡು ಎಂದು ಕೇಳುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಸುಮ್ಮನೆ ಕೈ ಚಾಚುತ್ತಾರೆ, ನಾನೂ ಸುಮ್ಮನೆ ಕೊಡುತ್ತೇನೆ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಕೈಗೆ ಫೋನ್ ಕೊಡುವ ಮೊದಲು ಅವತ್ತಿನ ಕರೆಗಳನ್ನು ಲೆಕ್ಕ ಹಾಕುತ್ತೇನೆ. ಈ ಪತ್ರವನ್ನು ಮೇಕಪ್ ಅಕ್ಕ ತಂದುಕೊಡುತ್ತಾಳೆ. ನಮ್ಮ ಚಾನೆಲ್ಲಿನಲ್ಲಿ ಎಲ್ಲರ ಮುಖಕ್ಕೆ ಪೌಡರ್ ಹಚ್ಚುವವಳು, ನಿನ್ನ ಗ್ರಂಥಾಲಯಕ್ಕೆ ವಾರಕ್ಕೊಮ್ಮೆ ಕಾದಂಬರಿ ಬದಲಾಯಿಸಲು ಬರುವವಳು, ಅವಳೇ. ನಿನ್ನನ್ನು ಎಣಿಕೆಗೆ ಹಾಕಿದ್ದಾರೆ, ಹಳೆಯ ಸಭಾಭವನದ ಮೂರನೇ ಮಹಡಿ, ಏಳನೇ ಮೇಜು ಎಂದು ನನಗೆ ಹೇಳಿದ್ದೂ ಅವಳೇ. ಹೆತ್ತ ಮಗಳ ಸುದ್ದಿಯನ್ನು ಪೌಡರ್ ಡಬ್ಬಿಯ ಪಕ್ಕ ನಿಂತು ಕೇಳುವ ಗತಿ ಬಂತು ನನಗೆ. ಅದು ನಾನೇ ತಂದುಕೊಂಡದ್ದು.

ನೀನು ಮನೆ ಬಿಟ್ಟ ದಿನ ಊಟದ ಮೇಜಿನಲ್ಲಿ ಏನು ಕೇಳಿದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅಕ್ಷರ ಅಕ್ಷರ ನೆನಪಿದೆ. ಟಿ.ವಿ.ಯಲ್ಲಿ ಆ ರಾಜಕೀಯ ವಿಶ್ಲೇಷಕರು ಮಾತಾಡುತ್ತಿದ್ದರು. ಅಪ್ಪ ಅವರನ್ನು ಗುರುಗಳು ಎನ್ನುತ್ತಾರೆ, ಕಚೇರಿಯಲ್ಲಿ ನಾವು ಬೆನ್ನ ಹಿಂದೆ ಕನ್ನಡಕ ಎನ್ನುತ್ತೇವೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ತಲೆದೂಗುತ್ತಿದ್ದರು. ನೀನು, "ಅಪ್ಪಾ, ಇವ್ರು ಹೇಳಿದ್ದು ಎಷ್ಟು ಸಲ ತಪ್ಪಾಗಿದೆ ಅಂತ ಯಾರಾದ್ರೂ ಬರೆದಿಟ್ಟಿದಾರಾ?" ಅಂದೆ. ಅಷ್ಟೇ ಕೇಳಿದ್ದು. ಅವರು ಲೋಟ ಎಸೆದದ್ದು, ನೀನು ಚೀಲ ತುಂಬಿದ್ದು, ಬಾಗಿಲು ಬಡಿದದ್ದು ಎಲ್ಲಾ ಆಮೇಲೆ. ನಾನು ಆಗ ಏನಂದೆ? "ಸುಮ್ನೆ ಊಟ ಮಾಡಬಾರದಾ" ಅಂದೆ. ನಿನಗೇ ಬೈದೆ.

ಈಗ ಹೇಳುತ್ತೇನೆ ಕೇಳು. ಬರೆದಿಟ್ಟವರು ಒಬ್ಬರಿದ್ದರು. ಅವತ್ತು ನಿನ್ನ ತಟ್ಟೆಗೆ ಬಡಿಸುತ್ತಾ ನಿಂತಿದ್ದರು.

ನಾನು ಹಳೆಯ ವಿಡಿಯೊ ತುಣುಕುಗಳ ವಿಭಾಗದಲ್ಲಿದ್ದೇನೆ ಎಂದಷ್ಟೇ ನಿನಗೆ ಗೊತ್ತು. ಕೆಲಸ ಹೀಗೆ. ಕನ್ನಡಕದವರು ಟಿ.ವಿ.ಯಲ್ಲಿ ಮುಂದೆ ಹೀಗಾಗುತ್ತದೆ ಎಂದು ಏನೇ ಹೇಳಲಿ, ನಾನು ಒಂದು ಕಾರ್ಡಿನ ಮೇಲೆ ದಿನಾಂಕ, ನಿಮಿಷ, ಮಾತು ಬರೆದಿಡಬೇಕು. ಇಡೀ ಕಾರ್ಯಕ್ರಮ ಕೂತು ನೋಡುವ ಅಗತ್ಯ ಇಲ್ಲ. ಓಡಿಸುತ್ತಾ ಹೋಗುತ್ತೇನೆ. ಅವರು ಭವಿಷ್ಯ ಹೇಳುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ, ಅಲ್ಲಿ ನಿಲ್ಲಿಸಿದರೆ ಸಾಕು. ಆ ಗಾಜಿಗೆ ಪವರ್ರೇ ಇಲ್ಲ ಎಂದು ಮೇಕಪ್ ಅಕ್ಕ ಹೇಳುತ್ತಾಳೆ. ಹೇಳಿದ್ದು ನಿಜವಾದರೆ ಕಾರ್ಡಿಗೆ ಹಸಿರು ಚೀಟಿ ಅಂಟಿಸಿ ಮೇಲಿನ ಕಪಾಟಿಗೆ. ಆಗದಿದ್ದರೆ ಚೀಟಿ ಇಲ್ಲ, ಕೆಳಗಿನ ಕಪಾಟಿಗೆ. ಪ್ರತಿ ಶುಕ್ರವಾರ 'ಅಂದೇ ಹೇಳಿದ್ದೆ' ಎಂಬ ಭಾಗ ಬರುತ್ತದಲ್ಲ, ಅಪ್ಪ ಸೋಫಾದ ತುದಿಗೆ ಬಂದು ಕೂರುವುದು, ಅದಕ್ಕೆ ಮೇಲಿನ ಕಪಾಟಿನಿಂದ ತುಣುಕು ಆರಿಸಿ, ಕತ್ತರಿಸಿ ಕೊಡುವವಳು ನಾನು. 'ಬಹುಶಃ' ಎಂದಿದ್ದರೆ ಆ 'ಬಹುಶಃ'ವನ್ನು ಹಾರಿಸುತ್ತೇನೆ. 'ಆಗದೆಯೂ ಇರಬಹುದು' ಎಂದು ಕೊನೆಯಲ್ಲಿ ಸೇರಿಸಿದ್ದರೆ ಅದಕ್ಕೂ ಮೊದಲೇ ನಿಲ್ಲಿಸುತ್ತೇನೆ. ಅದನ್ನು ಮನೆಯಲ್ಲಿ ಜಂಬದಿಂದ ಹೇಳಿಕೊಂಡವಳೂ ನಾನೇ. ಅಪ್ಪ ಬೀದಿಯ ಗೆಳೆಯರ ಮುಂದೆ, "ನಮ್ಮ ಮನೆಯವಳ ಕೈ ಅದು" ಎಂದು ಬೀಗುತ್ತಿದ್ದರು.

ಹನ್ನೊಂದು ವರ್ಷದಲ್ಲಿ ನಾಲ್ಕುನೂರ ಹನ್ನೆರಡು ಕಾರ್ಡು. ಹಸಿರು ಚೀಟಿ ಬಿದ್ದದ್ದು ಅರವತ್ತೊಂದಕ್ಕೆ. ಈ ಲೆಕ್ಕವನ್ನು ನಾನು ಯಾರಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿಲ್ಲ. ಕೆಳಗಿನ ಕಪಾಟಿಗೆ ಬಗ್ಗಿ ಇಡುವಾಗ ಮಂಡಿ ನೋವು ಎಂದು ಮಾತ್ರ ಅಂದುಕೊಳ್ಳುತ್ತಿದ್ದೆ.

ಕಳೆದ ಮಂಗಳವಾರ ಅವರು ಕನ್ನಡಕ ತೆಗೆದರು. "ಎಣಿಕೆಯ ದಿನ ಹಿಂಬಾಗಿಲಿಂದ ಕಳ್ಳಮತದ ಪೆಟ್ಟಿಗೆಗಳು ಒಳಗೆ ಹೋಗ್ತವೆ. ಜನ ಈ ಸಲ ಸುಮ್ಮನೆ ಕೂರೋದಿಲ್ಲ. ಒಳಗೆ ಕೂತು ಎಣಿಸೋರು ಯಾರ ಮಕ್ಕಳು ಅಂತ ಕೇಳ್ಕೊಳ್ಳಿ, ನಿಮ್ಮ ಬೀದಿಯವರೇ ಇರಬಹುದು" ಅಂದರು. ನಾನು ಎಂದಿನಂತೆ ಕಾರ್ಡು ಬರೆದೆ. ಬರೆಯುವಾಗಲೇ ಕೈಗೆ ಗೊತ್ತಾಯಿತು, ಇದನ್ನು ಮೊದಲೂ ಬರೆದಿದ್ದೇನೆ. ಕೆಳಗಿನ ಕಪಾಟಿನಲ್ಲಿ ಹುಡುಕಿದೆ. ಐದು ವರ್ಷದ ಹಿಂದೆ ಒಂದು ಸಲ, ಅದಕ್ಕೂ ಮೊದಲು ಇನ್ನೊಂದು ಸಲ, ಅದೇ ಹಿಂಬಾಗಿಲು, ಅದೇ ಪೆಟ್ಟಿಗೆ. ಎರಡು ಸಲವೂ ಏನೂ ಸಿಕ್ಕಿರಲಿಲ್ಲ. ಒಂದು ಸಲವಂತೂ ಅವರು ಬೇಡವೆಂದಿದ್ದ ಪಕ್ಷವೇ ಸೋತಿತ್ತು, ಆಮೇಲೆ ಎಣಿಕೆ ಬಹಳ ಚೆನ್ನಾಗಿ ನಡೆಯಿತು ಎಂದಿದ್ದರು. ಅದಕ್ಕೂ ಕಾರ್ಡಿದೆ.

ಕಳೆದ ಗುರುವಾರ ಸಂಜೆ ನಾನು ಮನೆಗೆ ಹೋದಾಗ ಮುಂದಿನ ಕೋಣೆಯಲ್ಲಿ ಎಂಟು ಜನ. ಟೈರ್ ಅಂಗಡಿಯವನು, ಔಷಧಿ ಅಂಗಡಿಯ ಅಣ್ಣ, ನಿನಗೆ ಸೈಕಲ್ ಕಲಿಸಿಕೊಟ್ಟ ಎದುರುಮನೆ ಮಾವ, ಎಲ್ಲಾ ನಮ್ಮವರೇ. ಮೇಜಿನ ಮೇಲೆ ಆ ಸಭಾಭವನದ ನಕ್ಷೆ. ಬಿಡಿಸಿದ್ದು ಅಪ್ಪ. ಆ ಕಟ್ಟಡದ ಲಿಫ್ಟನ್ನು ಹತ್ತೊಂಬತ್ತು ವರ್ಷ ರಿಪೇರಿ ಮಾಡಿದವರಲ್ಲವೇ, ಕಣ್ಣು ಮುಚ್ಚಿ ಬಿಡಿಸಬಲ್ಲರು. ಲಿಫ್ಟು ನಿಲ್ಲಿಸುವುದು, ಹಿಂದಿನ ಮೆಟ್ಟಿಲ ಕೆಳಗಿನ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದು, ಮುಂದಿನ ಮೆಟ್ಟಿಲಲ್ಲಿ ಎಲ್ಲರೂ ಕೂರುವುದು. ಪೆಟ್ಟಿಗೆ ಒಳಗೆ ಹೋಗಬಾರದು, ಅಷ್ಟೇ, ಯಾರಿಗೂ ಏನೂ ಮಾಡಲ್ಲ ಎಂದು ಅಪ್ಪ ಹೇಳುತ್ತಿದ್ದರು. ಟೈರ್ ಅಂಗಡಿಯವನು, "ನಾಕು ಹಳೇ ಟೈರ್‌ಗೆ ಬೆಂಕಿ ಹಚ್ಚಿದ್ರೆ ಒಳಗಿನ ಕಳ್ಳರು ತಾವೇ ಕಕ್ತಾರೆ ಬಿಡಿ" ಅಂದ. ನಾಲ್ಕು ಜನ ನಕ್ಕರು. ಅಪ್ಪ ನಗಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಇದೆಲ್ಲ ನಾನು ಕೇಳಿದ್ದು ಅಡುಗೆಮನೆಯಲ್ಲಿ ನಿಂತು.

ನನ್ನ ಹತ್ತಿರ ಔಷಧಿ ಇದೆಯಲ್ಲ ಎಂದುಕೊಂಡೆ, ಹುಚ್ಚಿ. ಶುಕ್ರವಾರ ಆ ಎರಡು ಹಳೆಯ ತುಣುಕುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ತಂದೆ. ಕಚೇರಿಯಿಂದ ಒಂದು ಪಿನ್ನೂ ತಾರದವಳು ನಾನು. ಅಪ್ಪನನ್ನು ಕೂರಿಸಿ ಟಿ.ವಿ.ಗೆ ಹಾಕಿ ತೋರಿಸಿದೆ. ಅವರು ಪೂರ್ತಿ ನೋಡಿದರು. ಮತ್ತೆ ಹಾಕು ಅಂದರು, ಹಾಕಿದೆ. ಗೋಡೆಯ ಗಡಿಯಾರ ನೋಡಿದರು, ಕಾಲರ್ ನೋಡಿದರು, ಹತ್ತಿರ ಹೋಗಿ ತುಟಿ ನೋಡಿದರು. ನಿನಗೆ ಗೊತ್ತಲ್ಲ, ಅವರು ಯಾರ ಸರ್ಟಿಫಿಕೇಟನ್ನೂ ನಂಬದೆ ಲಿಫ್ಟಿನ ಹಗ್ಗವನ್ನು ತಾವೇ ಮೂರು ಸಲ ಜಗ್ಗಿ ನೋಡುವವರು. ಜಗ್ಗಿ ನೋಡುತ್ತಿದ್ದಾರೆ, ಇನ್ನೇನು ಅರ್ಥವಾಗುತ್ತದೆ ಎಂದು ನನ್ನ ಜೀವ ಹೂವಿನಷ್ಟು ಹಗುರಾಯಿತು. ಅವರು ನನ್ನ ಕಡೆ ತಿರುಗಿ, "ಎಷ್ಟು ನೀಟಾಗಿ ಕತ್ತರಿಸಿದೀಯ. ಯಾರು ಮಾಡ್ಸಿದ್ದು ನಿನ್ನ ಕೈಲಿ?" ಅಂದರು.

ನಾನು ಆಣೆ ಇಟ್ಟೆ. ಕತ್ತರಿಸೇ ಇಲ್ಲ, ಇದು ಇದ್ದದ್ದು ಇದ್ದ ಹಾಗೆ ಅಂದೆ. ನೀನೇ ಹೇಳ್ತಿದ್ದೆಯಲ್ಲ, ಮಾತು ಹಾರಿಸ್ತೀನಿ, ಜೋಡಿಸ್ತೀನಿ ಅಂತ, ಅಂದರು. ಹಾಗಾದರೆ ಶುಕ್ರವಾರ ಶುಕ್ರವಾರ ನೀವು ಚಪ್ಪಾಳೆ ಹೊಡೆಯೋ ತುಣುಕುಗಳನ್ನೂ ನಾನೇ ಕತ್ತರಿಸಿದ್ದಲ್ಲವಾ, ಅದನ್ನ ಹೇಗೆ ನಂಬ್ತೀರಿ ಎಂದು ಕೇಳಿದೆ. "ಅದು ಬೇರೆ" ಅಂದರು. ಅದು ಬೇರೆ. ಕೋಪವಿಲ್ಲ, ಕೂಗಾಟವಿಲ್ಲ. ಲೋಟವಾದರೂ ಎಸೆದಿದ್ದರೆ ಧೈರ್ಯವಾಗುತ್ತಿತ್ತು. ಪರಿಚಯವಿಲ್ಲದ ಹೆಂಗಸೊಬ್ಬಳು ತಮ್ಮ ಸೋಫಾದ ಮೇಲೆ ಕೂತಿರುವಂತೆ ನೋಡಿದರು. ಕೈ ಚಾಚಿದ್ದು ಅವತ್ತೇ ಮೊದಲು.

ಶನಿವಾರ ಮಧ್ಯಾಹ್ನ ನಾನು ಮೂರು ಕಾರ್ಡು ಹಿಡಿದು ಕನ್ನಡಕದವರ ಹತ್ತಿರವೇ ಹೋದೆ. ಮೇಕಪ್ ಕೋಣೆಯಲ್ಲಿ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಹನ್ನೊಂದು ವರ್ಷದಲ್ಲಿ ಅವರ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ನಮ್ಮ ಬೀದಿಯವರು ನಿಮ್ಮ ಮಾತು ಕೇಳಿ ಹೊರಟಿದ್ದಾರೆ ಸರ್, ಇದನ್ನು ನೀವು ಎರಡು ಸಲ ಹೇಳಿದ್ದಿರಿ, ಎರಡು ಸಲವೂ ಆಗಿರಲಿಲ್ಲ, ಒಂದು ಮಾತು ಸಮಾಧಾನದ್ದು ಹೇಳಿಬಿಡಿ ಎಂದು ಬೇಡಿಕೊಂಡೆ. ಅವರನ್ನು ನಾನು ಪಕ್ಕಾ ನಾಟಕದವನು ಎಂದುಕೊಂಡಿದ್ದೆ, ನಗುತ್ತಾರೆ ಅಥವಾ ಗದರುತ್ತಾರೆ ಎಂದುಕೊಂಡಿದ್ದೆ. ಅವರು ಕಾರ್ಡು ಇಸಿದುಕೊಂಡು ಓದಿದರು. ಮುಖದಲ್ಲಿ ನಿಜವಾದ ಗೊಂದಲ. "ಇದ್ಯಾವುದಮ್ಮಾ? ನಾನು ಹೇಳಿದ್ದು ತಪ್ಪಾದದ್ದು ನನಗೆ ನೆನಪೇ ಇಲ್ಲವಲ್ಲ" ಅಂದರು.

ಆಗ ನನಗೆ ಹೊಳೆಯಿತು. ಅವರು ತಮ್ಮನ್ನು ತಾವು ನೋಡುವುದು ಶುಕ್ರವಾರ ಮಾತ್ರ. ನಾನು ಆರಿಸಿಕೊಟ್ಟದ್ದನ್ನು ಮಾತ್ರ. ಹನ್ನೊಂದು ವರ್ಷದಿಂದ ಅವರು ಒಂದೇ ಒಂದು ಸಲವೂ ತಪ್ಪಿದ್ದನ್ನು ಅವರೇ ನೋಡಿಲ್ಲ. ಅಪ್ಪನನ್ನು, ಬೀದಿಯವರನ್ನು ಬಿಡು, ಆ ಮನುಷ್ಯನನ್ನೇ ನಾನು ನಂಬಿಸಿಬಿಟ್ಟಿದ್ದೇನೆ. ಕಾರ್ಡು ವಾಪಸ್ ಕೊಡುತ್ತಾ ಅವರು ದನಿ ತಗ್ಗಿಸಿ, "ಗುರುವಾರ ನೀವೂ ಮನೇಲಿರಿ. ನಾನು ನನ್ನ ಹೆಂಡತಿ ಮಕ್ಕಳನ್ನ ನಾಳೇನೇ ಊರಿಂದ ಹೊರಗೆ ಕಳಿಸ್ತಿದೀನಿ" ಅಂದರು. ಮೇಕಪ್ ಅಕ್ಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

ನಿನ್ನೆ ಭಾನುವಾರ ಬೆಳಿಗ್ಗೆ ಅಪ್ಪ ತಮ್ಮ ಹಳೆಯ ಸಲಕರಣೆ ಚೀಲ ಬಿಚ್ಚಿ ಕೂತಿದ್ದರು. ನನಗೆ ಇನ್ನು ಬೇರೆ ದಾರಿ ಇರಲಿಲ್ಲ. ನಿಮ್ಮ ಮಗಳು ಒಳಗಿರ್ತಾಳೆ ಎಂದುಬಿಟ್ಟೆ. ಬೇರೆ ಏನು ಬೇಕಾದರೂ ನಂಬದಿರಲಿ, ಮಗಳು ಎಂದ ಮೇಲೆ ಕರುಳು ಕೇಳದೆ ಇರುತ್ತದೆಯೇ ಎಂದುಕೊಂಡೆ. ಸ್ಪ್ಯಾನರ್ ಒರೆಸುತ್ತಿದ್ದ ಬಟ್ಟೆ ಅವರ ಕೈಯಲ್ಲೇ ಇತ್ತು. ಕಣ್ಣು ತುಂಬಿತು, ನಾನು ನೋಡಿದೆ, ಪ್ರಮಾಣವಾಗಿ ನೋಡಿದೆ. ಆಮೇಲೆ, "ಅವಳನ್ನೂ ಸೇರಿಸ್ಕೊಂಡುಬಿಟ್ರಾ" ಅಂದರು. ಬಟ್ಟೆ ಮಡಿಸಿಟ್ಟು ಯಾವ ಮೇಜು ಎಂದು ಕೇಳಿದರು. ಏಳು ಅಂದೆ. ಯಾಕೆ ಕೇಳಿದರೋ ಗೊತ್ತಿಲ್ಲ. ನಾನು ಯಾಕೆ ಹೇಳಿದೆನೋ ಅದೂ ಗೊತ್ತಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಹೋಗಬೇಡ ಎಂದು. ನೀನು ಹೋಗಿಯೇ ಹೋಗುತ್ತೀಯ ಎಂದೂ ಗೊತ್ತು, ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೀಯ. ಹೋದರೆ ಮುಂದಿನ ಮೆಟ್ಟಿಲ ಹತ್ತಿರದ ಮೇಜು ಕೇಳಿ ಇಸಿದುಕೋ. ಲಿಫ್ಟು ಹತ್ತಬೇಡ. ನೀರಿನ ಬಾಟಲಿ, ಒದ್ದೆ ಮಾಡಿಕೊಳ್ಳಲು ಒಂದು ದುಪಟ್ಟಾ ಇಟ್ಟುಕೋ. ನಿನ್ನ ಮೇಲಿನವರಿಗೆ ಹಿಂದಿನ ಬಾಗಿಲಲ್ಲಿ ಯಾರನ್ನಾದರೂ ನಿಲ್ಲಿಸಲು ಹೇಳು, ಆದರೆ ಅಪ್ಪನ ಸುದ್ದಿ ಎತ್ತಬೇಡ. ನಾನೇ ಪೊಲೀಸ್ ಠಾಣೆಗೆ ಹೋಗಬಹುದಿತ್ತು ಎನ್ನುತ್ತೀಯ. ಇವತ್ತು ಬೆಳಿಗ್ಗೆ ಠಾಣೆಯ ಎದುರಿನ ಬಸ್ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟೆ. ಒಳಗೆ ಟಿ.ವಿ. ಓಡುತ್ತಿತ್ತು. ಪೇದೆಗಳಿಬ್ಬರು ನಿಂತು ನೋಡುತ್ತಿದ್ದರು, ನಮ್ಮ ಚಾನೆಲ್ಲೇ. ನಾಲ್ಕನೇ ಬಸ್ಸು ಹತ್ತಿ ಕಚೇರಿಗೆ ಬಂದೆ. ಮೂವತ್ತೊಂದು ವರ್ಷದ ಗಂಡನನ್ನು ಹಿಡಿದುಕೊಡುವ ಗಟ್ಟಿತನ ನನಗಿಲ್ಲ, ಅದನ್ನು ನಿನ್ನ ತಲೆಗೆ ಕಟ್ಟುತ್ತಿದ್ದೇನೆ ಎಂಬುದೂ ನನಗೆ ಗೊತ್ತು.

ಆದರೂ ಒಂದು ಕೆಲಸ ಮಾಡಿದ್ದೇನೆ. ಅವರು ಸ್ನಾನಕ್ಕೆ ಹೋದಾಗ ಚೀಲದಿಂದ ಆ ಕಬ್ಬಿಣದ ಬಾಗಿಲಿನ ಕೀಲಿ ತೆಗೆದೆ. ಅದು ಹಳೆಯ ಕಾಲದ ದಪ್ಪ ಕೀಲಿ, ಅದಿಲ್ಲದೆ ಹೊರಗಿನಿಂದ ಬೀಗ ಬೀಳುವುದಿಲ್ಲ. ಹತ್ತೊಂಬತ್ತು ವರ್ಷ ಅದನ್ನು ಅವರ ಷರಟಿನ ಜೇಬಿನಿಂದ ತೆಗೆದಿಟ್ಟು ಷರಟು ಒಗೆದವಳು ನಾನು, ಕತ್ತಲಲ್ಲೂ ಗುರುತು ಸಿಗುತ್ತದೆ. ಈ ಪತ್ರದ ಜೊತೆ ಇಟ್ಟಿದ್ದೇನೆ. ಯಾವುದಾದರೂ ಬಾವಿಗೆ ಎಸೆ. ಇವತ್ತೋ ನಾಳೆಯೋ ಅವರು ಚೀಲ ನೋಡುತ್ತಾರೆ, ಮನೆಯಲ್ಲಿರುವುದು ನಾವಿಬ್ಬರೇ. ಆಗ ನಾನು ಏನು ಹೇಳಬೇಕು ಎಂದು ಇನ್ನೂ ಯೋಚಿಸಿಲ್ಲ. ಅವರು ಇದುವರೆಗೆ ನನ್ನ ಮೇಲೆ ಕೈ ಮಾಡಿದವರಲ್ಲ. ಹಾಗೆಂದು ಬರೆಯಬೇಕಾಗಿ ಬಂತಲ್ಲ, ಅದೇ ಭಯ.

ಬಿಡುವು ಮುಗಿಯಿತು. ಹೊರಗೆ ಕನ್ನಡಕದವರ ಕಾರು ಬಂದು ನಿಂತಿದೆ. ಇವತ್ತು ಏನು ಹೇಳುತ್ತಾರೋ, ಕಾರ್ಡು ಬರೆಯಬೇಕು. ಅವತ್ತು ಊಟದ ಮೇಜಿನಲ್ಲಿ ನಾನು ಎರಡು ಕಪಾಟಿನ ಲೆಕ್ಕ ಬಾಯಿ ಬಿಟ್ಟು ಹೇಳಿದ್ದರೆ ನೀನು ಮನೆಯಲ್ಲಿರುತ್ತಿದ್ದೆ. ಅಪ್ಪ ಅವತ್ತಾದರೂ ನಂಬುತ್ತಿದ್ದರೇನೋ, ಆಗಿನ್ನೂ ಅವರು ನನ್ನ ಕಡೆ ನೋಡಿ ಮಾತಾಡುತ್ತಿದ್ದರು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಹುಷಾರಾಗಿರು ಎಂದಷ್ಟೇ ಕೇಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊರಗಿದ್ದೀಯ ಎಂದು ಮೇಕಪ್ ಅಕ್ಕ ಹೇಳಿದಳು.

ನಿನ್ನ ಹಾದಿ ನೋಡುತ್ತಿರುವ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಒಂದು ಕೇಳಿಬಿಡುತ್ತೇನೆ, ಬೈಯಬೇಡ. ಆ ಸಭಾಭವನದಲ್ಲಿ ನೀವು ಎಲ್ಲವನ್ನೂ ಸರಿಯಾಗಿಯೇ ಎಣಿಸುತ್ತೀರಿ ತಾನೇ? ಹಿಂಬಾಗಿಲಿಂದ ಏನೂ ಬರುವುದಿಲ್ಲ ತಾನೇ? ನನಗೆ ಗೊತ್ತು, ಬರುವುದಿಲ್ಲ. ಕಾರ್ಡು ಬರೆದವಳೇ ನಾನು. ಆದರೆ ಆ ಮನುಷ್ಯ ಹೆಂಡತಿ ಮಕ್ಕಳನ್ನು ಕಳಿಸಿಬಿಟ್ಟರು, ಸುಮ್ಮಸುಮ್ಮನೆ ಯಾರಾದರೂ ಕಳಿಸುತ್ತಾರೆಯೇ? ಇಲ್ಲ, ಏನೂ ಇಲ್ಲ ಎಂದು ನಿನ್ನ ಕೈಯಲ್ಲಿ ಒಂದೇ ಒಂದು ಸಾಲು ಬರೆದು ಮೇಕಪ್ ಅಕ್ಕನ ಕೈಗೆ ಕೊಡು. ಕೀಲಿಯನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ನಿನ್ನ ಸಾಲು ಬರುವವರೆಗೆ ನನ್ನ ಹತ್ತಿರವೇ ಇರಲಿ.